ಬಣ್ಣಗಾರನ ಅಂತರಗಂಗೆ

"ಅಜ್ಜಾರ, ಮನಸ್ಸು ತಿಳಿಯಾತು ಅಂತ ಮನಷ್ಯಾಗ ಹೆಂಗ ಗೊತ್ತಾಗತೈತ್ರಿ?"

ಕೇಳಿದವನು ಶಿವಪುತ್ರ. ಊರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಬಸ್ಸು ತಡವಾಗಿ ಬಂದರೆ ಬೈಗುಳ ಅವನಿಗೆ, ಹೊತ್ತಿಗೆ ಸರಿಯಾಗಿ ಬಿಟ್ಟರೆ ಬಸ್ಸು ತಪ್ಪಿಸಿಕೊಂಡವರ ಬೈಗುಳವೂ ಅವನಿಗೇ. ಐದು ವರ್ಷದ ಕೆಳಗೆ ಮೊದಲ ಸಲ ಮಠಕ್ಕೆ ಬಂದಾಗ ಅವನು ಮಾತು ಮಾತಿಗೆ ಸಿಡುಕುತ್ತಿದ್ದ. ಈಗ ಸಿಡುಕುವುದಿಲ್ಲ. ಅದನ್ನು ಮಠದ ಅಜ್ಜ ಗಮನಿಸಲಿ ಎಂಬ ಆಸೆ ಅವನ ಪ್ರಶ್ನೆಯಲ್ಲಿ ಇತ್ತು.

ಉತ್ತರಕ್ಕೆ ಕಾಯದೆ ಅವನೇ ಮುಂದುವರಿಸಿದ.

"ನಿಲ್ದಾಣದಾಗ ಯಾರ ಏನಂದ್ರೂ ಈಗ ನಕ್ಕೋತ ಇರತೇನ್ರಿ. ಸಂಜಿಗೆ ಮನಿಗೆ ಹೋಗಿ, ಕಾಲ ತೊಳಕೊಂಡು ಕುಂತು, ಹಗಲೆಲ್ಲಾ ಆದದ್ದನ್ನ ಮನಿಯಾಕಿ ಮುಂದ ಹೇಳಿಬಿಡತೇನಿ. ಬೈಯೂದಿದ್ರ ಅಲ್ಲೇ ಬೈತೇನಿ. ಒಂದ ತಾಸಿನ್ಯಾಗ ಎಲ್ಲಾ ಹೊರಗ. ಮುಂಜಾನಿ ಎದ್ದಾಗ ನನ್ನೊಳಗ ಒಂದ ಹನಿ ಸಿಟ್ಟ ಇರೂದಿಲ್ಲ. ಇದ ಅಲ್ಲೇನ್ರಿ ನೀವು ಹೇಳತಿದ್ದ ಶಾಂತಿ?"

"ಕುಂದರು," ಎಂದರು ಅಜ್ಜ. "ಒಬ್ಬ ಬಣ್ಣಗಾರನ ಕತಿ ಹೇಳತೇನಿ. ಹೆಸರು ಕೇಳಬ್ಯಾಡ. ಹೆಸರು ಹೇಳಿದ್ರ ಅವನ ಬೀಗರು ನಾಳೆ ನನ್ನ ಬಾಗಿಲಿಗೆ ಬರತಾರ."

ಅಜ್ಜ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅದು ನೇಕಾರರ ಊರು, ಮನೆಗೊಂದು ಮಗ್ಗ. ನೂಲಿಗೆ ಬಣ್ಣ ಹಾಕುವವರು ಅಲ್ಲಿ ನಾಲ್ಕಾರು ಮಂದಿ ಇದ್ದರು. ಆದರೆ ಸೆರಗಿಗೆ ಕೆಂಪು ಬೇಕೆಂದರೆ ನೇಕಾರರು ಇವನ ಬಾಗಿಲಿಗೇ ಬರುತ್ತಿದ್ದರು. ಇವನ ಕೆಂಪು ಬಿಡುತ್ತಿರಲಿಲ್ಲ. ಸೀರೆ ಹರಿದು ಕೌದಿಗೆ ಸೇರಿದ ಮೇಲೂ ಸೆರಗಿನ ತುಂಡು ಕೆಂಪಗೇ ಇರುತ್ತಿತ್ತು.

ಅವನದೊಂದು ಪದ್ಧತಿ ಇತ್ತು. ನೂಲಿನ ಲಡಿ ಒಣಗಿದ ಮೇಲೆ ಅದನ್ನು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಅಂಗೈ ನಡುವೆ ಇಟ್ಟು ಬಲವಾಗಿ ತಿಕ್ಕುತ್ತಿದ್ದ. ಬಟ್ಟೆ ಬೆಳ್ಳಗೇ ಉಳಿದರೆ ಲಡಿ ನೇಕಾರನ ಮನೆಗೆ ಹೋಗುತ್ತಿತ್ತು. ಕೂದಲೆಳೆಯಷ್ಟು ಕೆಂಪು ಹತ್ತಿದರೂ ಮತ್ತೆ ಬಣ್ಣದ ಬಾನಿಗೆ ಬೀಳುತ್ತಿತ್ತು. ಇದನ್ನು ಕಲಿಸಿದವನು ಅವನ ತಂದೆ. ಹಿಡಿದದ್ದನ್ನು ಬಿಡದಿರುವುದೇ ಬಣ್ಣ, ಬಿಡುವುದು ಬರೀ ಕೊಳೆ ಎಂದು ತಂದೆ ಹೇಳುತ್ತಿದ್ದ. ಓದು ಬರಹ ಹೆಚ್ಚಿಲ್ಲದ ಬಣ್ಣಗಾರ ಈ ಒಂದು ಮಾತನ್ನು ವೇದವೆಂದು ತಿಳಿದಿದ್ದ.

ನೂಲು ಕುಡಿಯುವಷ್ಟು ಬಣ್ಣ ಕುಡಿಯುತ್ತದೆ. ಮಿಕ್ಕದ್ದು ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಅವನು ದಿನವೂ ಸಂಜೆ ಹಿತ್ತಲಿನ ಹಳ್ಳಕ್ಕೆ ಬಗ್ಗಿಸುತ್ತಿದ್ದ. ಅವನ ತಂದೆಯೂ ಬಗ್ಗಿಸುತ್ತಿದ್ದ. ಹರಿಯುವ ನೀರಿಗೆ ಮೈಲಿಗೆ ಇಲ್ಲ ಎಂದು ಇಬ್ಬರೂ ನಂಬಿದ್ದರು. ನಂಬುವುದಕ್ಕೆ ಅದು ಸುಲಭವಾದ ಮಾತು. ಹಳ್ಳ ಹರಿಯುವುದು ತನ್ನ ಮನೆಯಿಂದ ಆಚೆಗೆ ತಾನೇ.

ಹಳ್ಳದ ಕೆಳಗೆ ಇನ್ನೊಂದು ಊರಿತ್ತು. ಆ ಊರಿನ ಮಡಿವಾಳ ಅದೇ ನೀರಿನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದ. ತಂದೆಯ ಕಾಲದಲ್ಲಿ ಸೊಪ್ಪು ಬೇರು ಬೇಯಿಸಿ ಬಣ್ಣ ಮಾಡುತ್ತಿದ್ದರು. ಬಾನಿಗಳೂ ಸಣ್ಣವು, ಹಳ್ಳ ತಡೆದುಕೊಂಡಿತ್ತು. ಮಗನ ಕಾಲಕ್ಕೆ ಡಬ್ಬಿಯಲ್ಲಿ ಪುಡಿ ಬಣ್ಣ ಬಂತು, ಬಾನಿಯೂ ದೊಡ್ಡದಾಯಿತು. ಬೆಳ್ಳಗೆ ನೀರಿಗಿಳಿದ ಧೋತರ ಗುಲಾಬಿಯಾಗಿ ಮೇಲೆದ್ದು ಬರತೊಡಗಿತು. ಎಮ್ಮೆಗಳು ಹಳ್ಳಕ್ಕೆ ಬಾಯಿ ಹಾಕದೆ ಮುಖ ತಿರುಗಿಸಿದವು. ಒಂದು ದಿನ ಕೆಳಗಿನ ಊರಿನ ಗೌಡ ಬೇಕೆಂದೇ ಗುಲಾಬಿ ಧೋತರ ಉಟ್ಟುಕೊಂಡು ಕಟ್ಟೆಗೆ ಬಂದು ಕೂತ. ಜನ ಬಿದ್ದು ಬಿದ್ದು ನಕ್ಕರು. ಮಡಿವಾಳ ನಗಲಿಲ್ಲ. ಅಷ್ಟು ಹೊತ್ತಿಗೆ ಅರ್ಧ ಊರು ತಮ್ಮ ಬಟ್ಟೆಯನ್ನು ಬೇರೆ ಕಡೆ ಕೊಡಲು ಶುರು ಮಾಡಿತ್ತು.

ಎರಡೂ ಊರಿನ ಹಿರಿಯರು ಕೂತರು. ಬಣ್ಣಗಾರನನ್ನು ಕರೆಸಿದರು. ಮೂರು ತಿಂಗಳು ಕೊಡುತ್ತೇವೆ, ಅಷ್ಟರೊಳಗೆ ನೀರು ಸರಿಯಾಗಬೇಕು ಎಂದರು. ಮೂರನೆಯ ಅಮಾವಾಸ್ಯೆಗೆ ಮಡಿವಾಳನ ಕಲ್ಲಿನ ಹತ್ತಿರ ಬಿಳಿ ಧೋತರವೊಂದನ್ನು ಹಳ್ಳದಲ್ಲಿ ಅದ್ದುವುದು, ಬೆಳ್ಳಗೆ ಬಂದರೆ ಸರಿ, ಬಣ್ಣ ಹತ್ತಿ ಬಂದರೆ ಬಣ್ಣದ ಮನೆಗೆ ಬೀಗ. ಆಮೇಲೂ ಪ್ರತಿ ಅಮಾವಾಸ್ಯೆಗೆ ಅದ್ದುವುದು. ಅಮಾವಾಸ್ಯೆಗೆ ಮಗ್ಗಕ್ಕೂ ಬಾನಿಗೂ ರಜೆ, ಎಲ್ಲರಿಗೂ ಬಿಡುವಿರುತ್ತದೆ ಎಂದು ಆ ದಿನವನ್ನೇ ಇಟ್ಟರು.

ಬಣ್ಣಗಾರನಿಗೆ ಊಟ ಸೇರಲಿಲ್ಲ. ಹತ್ತು ವರ್ಷದವನಿದ್ದಾಗಿನಿಂದ ಅವನ ಕೈ ಮೊಣಕೈವರೆಗೆ ಕೆಂಪು. ಬೇರೆ ಕೆಲಸ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ವಯಸ್ಸೂ ಅಲ್ಲ. ಬಾನಿಗೆ ಬೀಗ ಬಿದ್ದರೆ ತಾನು ಯಾರು ಎಂಬುದೇ ಅವನಿಗೆ ತಿಳಿಯಲಿಲ್ಲ. ಅವನು ನಿಜವಾಗಿ ಹೆದರಿದ.

ಸುಣ್ಣ ಹಾಕಿ ನೋಡಿದ. ಕೆಂಪು ಹೋಗಿ ಕಂದು ಬಂತು. ಮರಳಿನಲ್ಲಿ ಸೋಸಿದ, ಮರಳು ಕೆಂಪಾಯಿತು, ನೀರೂ ಕೆಂಪಾಗೇ ಉಳಿಯಿತು. ಇದ್ದಲು ಹಾಕಿದ. ಬಣ್ಣ ಸ್ವಲ್ಪ ಇಳಿಯಿತು, ಆದರೆ ನಾಲ್ಕು ದಿನಕ್ಕೆ ಊರಿನ ಇದ್ದಲೇ ಮುಗಿಯಿತು. ಹೀಗೆ ಒಂದು ತಿಂಗಳು ಕಳೆಯಿತು.

ಆ ದಿನಗಳಲ್ಲಿ ಒಬ್ಬ ಅಂಬಿಗರ ಮುದುಕಿ ಮೀನು ಮಾರಿಕೊಂಡು ಅವನ ಬಾಗಿಲಿಗೆ ಬಂದಳು. ಕೆರೆಯಲ್ಲಿ ಬಲೆಗೆ ತೊಡಕಾಗುವ ಗಿಡಗಳನ್ನು ಕಿತ್ತು ದಂಡೆಗೆ ಹಾಕುವುದು ಅವಳ ಇನ್ನೊಂದು ಕೆಲಸ. ಬಣ್ಣಗಾರ ಮಡಕೆಯಲ್ಲಿ ಇದ್ದಲು ಕದಡುತ್ತಾ ಕೂತಿದ್ದ. ಅವಳು ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ನೋಡಿದಳು.

"ಇದ್ದಲಿಗೆ ಎಷ್ಟಂತ ಕುಡಸ್ತಿ ಸಾವಕಾರ? ಅದಕ್ಕ ಜೀವಿಲ್ಲ, ಹಸಿವಿಲ್ಲ. ಕುಡಿಯಾಕ ಹಸಿವಿದ್ದದ್ದು ಬೇಕು."

ಮರುದಿನ ಅವಳು ಒಂದು ಬುಟ್ಟಿ ಅಂತರಗಂಗೆ ತಂದಳು. ನೀರಿನ ಮೇಲೆ ತೇಲುವ, ದಪ್ಪ ಎಲೆಯ, ಕೆಳಗೆ ಗಡ್ಡದ ಹಾಗೆ ಬೇರು ಬಿಟ್ಟ ಗಿಡ. ಕೆರೆಯವರು ಅದನ್ನು ಬೈದು ಕಿತ್ತೆಸೆಯುತ್ತಾರೆ. ಅವಳು ಒಂದೇ ಒಂದು ಗಿಡವನ್ನು ಬಣ್ಣದ ನೀರಿನ ಮಡಕೆಯಲ್ಲಿ ಬಿಟ್ಟು ಹೋದಳು. ಬಣ್ಣಗಾರ ಬಾನಿಯಲ್ಲಿ ಲಡಿಯನ್ನು ನೋಡುವಂತೆ ಅದನ್ನು ಗಳಿಗೆಗೊಮ್ಮೆ ನೋಡಿದ. ಎರಡನೆಯ ದಿನ ಕೆಂಪು ಇಳಿಯಿತು. ನಾಲ್ಕನೆಯ ದಿನ ಮಡಕೆಯ ತಳ ಕಂಡಿತು. ಬೇರು ಮಾತ್ರ ಕಪ್ಪುಗೆಂಪಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಬಣ್ಣಗಾರ ಮೀನು ಮಾರುವವಳಿಗೆ ಕೈ ಮುಗಿದ.

ಮುದುಕಿ ಹೇಳಿದಂತೆ ಹಿತ್ತಲಲ್ಲಿ ಮೂರು ಹೊಂಡ ತೋಡಿಸಿದ, ಒಂದಕ್ಕಿಂತ ಒಂದು ಸ್ವಲ್ಪ ತಗ್ಗಿನಲ್ಲಿ. ಮೊದಲೆರಡರಲ್ಲಿ ಅಂತರಗಂಗೆ, ಮೂರನೆಯದರಲ್ಲಿ ಗರಸು ಕಲ್ಲಿನ ಮೇಲೆ ಜೊಂಡು ಹುಲ್ಲು. ಬಾನಿಯ ನೀರು ಮೊದಲ ಹೊಂಡಕ್ಕೆ ಬಿದ್ದು, ನಿಂತು, ಮೆಲ್ಲಗೆ ಎರಡನೆಯದಕ್ಕೆ ಇಳಿದು, ಮೂರನೆಯದನ್ನು ದಾಟಿ ಹಳ್ಳಕ್ಕೆ ಸೇರಬೇಕು. ಎಲ್ಲ ಮುಗಿದ ಮೇಲೆ ಮುದುಕಿ ಅವನನ್ನು ದಂಡೆಯ ಮೇಲೆ ಕೂರಿಸಿಕೊಂಡು ಒಂದು ಮಾತು ಹೇಳಿದಳು.

"ಕುಡಿದದ್ದನ್ನ ಇದು ಎಲ್ಲಿ ಇಡತೈತಿ ಹೇಳು. ತನ್ನ ಮೈಯಾಗ ಇಟಗೋತೈತಿ. ಅದಕ್ಕ, ಎಂಟ ದಿನಕ್ಕೊಮ್ಮಿ ಮೂರರಾಗ ಒಂದ ಪಾಲು ಗಿಡ ಎತ್ತಬೇಕು, ಬೇರ ಸಮೇತ. ಹಾಸುಬಂಡಿ ಕಲ್ಲಿನ ಮ್ಯಾಲ ಒಣಗಿಸಿ ಸುಡು. ಬೂದಿ ಕಲ್ಲ ಕಟ್ಟಿದ ತಗ್ಗಿನ್ಯಾಗ ಮುಚ್ಚು. ದನಕ್ಕ ಹಾಕಬ್ಯಾಡ, ತಿಪ್ಪಿಗೆ ಚೆಲ್ಲಬ್ಯಾಡ. ಎತ್ತಿದ ಜಾಗಾಕ್ಕ ಎಳೀ ಗಿಡ ಬಿಡು. ನೀರ ತಿಳಿ ಆತಂತ ಎತ್ತೂದು ನಿಲ್ಲಸಬ್ಯಾಡ."

ಆಗಲಿ ಎಂದು ಬಣ್ಣಗಾರ ಬಾನಿಯ ಮೇಲೆ ಆಣೆ ಮಾಡಿದ.

ಮೂರನೆಯ ಅಮಾವಾಸ್ಯೆ ಬಂತು. ಎರಡೂ ಊರು ಮಡಿವಾಳನ ಕಲ್ಲಿನ ಹತ್ತಿರ ಸೇರಿದವು. ಮಡಿವಾಳ ಧೋತರವನ್ನು ಅದ್ದಿ, ಹಿಂಡಿ, ಕೊಡವಿ, ಎತ್ತಿ ಹಿಡಿದ. ಬೆಳ್ಳಗಿತ್ತು. ಗೌಡ ಹತ್ತಿರ ಬಂದು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಸರಿ ಎಂದು ತಲೆಯಾಡಿಸಿದ. ಬಣ್ಣಗಾರನ ಕಣ್ಣಲ್ಲಿ ನೀರು ಬಂತು. ಅಷ್ಟು ಜನರ ಮುಂದೆ ಅಳುವುದಕ್ಕೆ ನಾಚಿ ಅವನು ಮರದ ಹಿಂದೆ ಹೋಗಿ ನಿಂತ. ಕೆಳಗಿನ ಊರಿನ ಬಟ್ಟೆಗಳು ಒಂದೊಂದಾಗಿ ಮಡಿವಾಳನ ಮನೆಗೆ ಮರಳಿದವು.

ನಾಲ್ಕು ತಿಂಗಳು ಬಣ್ಣಗಾರ ಮಾತು ತಪ್ಪಲಿಲ್ಲ. ಎಂಟು ದಿನಕ್ಕೊಮ್ಮೆ ಸೊಂಟದುದ್ದ ನೀರಿಗಿಳಿದು ಗಿಡ ಎತ್ತಿದ. ಸುಲಭದ ಕೆಲಸವಲ್ಲ ಅದು. ನೀರು ಕುಡಿದ ಗಿಡ ಕಲ್ಲಿನಷ್ಟು ಭಾರ. ಬೇರಿನ ಲೋಳೆ ಮೈಗೆ ಹತ್ತಿದರೆ ಮೂರು ದಿನ ವಾಸನೆ ಹೋಗುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಆದರೆ ಕೆಸರು ಇಂದು, ಮೊಸರು ಯಾವತ್ತೋ. ಮೇಲಾಗಿ, ಎತ್ತಿದ ಮೇಲೆ ಹೊಂಡ ನೋಡುವ ಹಾಗಿರುತ್ತಿರಲಿಲ್ಲ. ಅಲ್ಲಲ್ಲಿ ತಲೆ ಬೋಳಿಸಿದಂತೆ ಕಾಣುತ್ತಿತ್ತು. ಎಳೆಯ ಗಿಡ ಹಬ್ಬುವ ತನಕ ಮೂರು ನಾಲ್ಕು ದಿನ ಹಸಿರಿನ ನಡುವೆ ಕೆಂಪು ನೀರು ಇಣುಕುತ್ತಿತ್ತು.

ಐದನೆಯ ತಿಂಗಳಲ್ಲಿ ಅಂತರಗಂಗೆ ಹೂ ಬಿಟ್ಟಿತು.

ನಸುನೀಲಿ ಹೂ. ಎರಡು ಹೊಂಡದ ತುಂಬ ತೆನೆ ತೆನೆಯಾಗಿ ಎದ್ದು ನಿಂತಿತು. ದಾರಿಹೋಕರು ನಿಂತು ನೋಡಿದರು. ಅವರು ಹೇಳಿದ್ದು ಕೇಳಿ ಬೇರೆ ಊರಿನವರು ಬಂದರು. ಆಮೇಲೆ ಶಾಲೆಯ ಮಾಸ್ತರರು, ತಾಲೂಕಿನ ಸಾಹೇಬರು, ದೂರದ ಊರಿನ ಬಣ್ಣಗಾರರು. ಬಾನಿಯ ಹೊಲಸು ನೀರಿನಲ್ಲಿ ಹೂದೋಟ ಮಾಡಿದ ಪುಣ್ಯಾತ್ಮ ಎಂದು ಶಾಲು ಹೊದಿಸಿದರು. ನಾಲ್ಕು ಮಾತಾಡಿ ಎಂದರು. ಮೊದಲ ಸಲ ಅವನು ಅಂಬಿಗರ ಮುದುಕಿಯ ಹೆಸರು ಹೇಳಿದ. ಎರಡನೆಯ ಸಲ ಒಬ್ಬ ಹಿರಿಯಳು ಎಂದ. ಮೂರನೆಯ ಸಲ ಅದೂ ಮರೆತುಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು.

ಒಂದು ಸಲ ಗಿಡ ಎತ್ತುವ ದಿನದ ಮರುದಿನವೇ ಹೊಂಡ ನೋಡಲು ಜನ ಬರುವವರಿದ್ದರು. ಬೋಳು ಹೊಂಡವನ್ನು ತೋರಿಸುವುದು ಹೇಗೆ? ಈ ಸಲ ಬಿಟ್ಟು ಮುಂದಿನ ವಾರ ಎತ್ತಿದರಾಯಿತು ಎಂದುಕೊಂಡ. ಮುಂದಿನ ವಾರ ಇನ್ಯಾರೋ ಬಂದರು. ಮೂರನೆಯ ವಾರ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಎತ್ತದೆ ಮೂರು ವಾರವಾಯಿತು, ನೀರು ತಿಳಿಯಾಗೇ ಇದೆ. ಹಾಗಾದರೆ ಎತ್ತುವುದು ಯಾಕೆ?

ಅವನು ಆತುರದ ಮನುಷ್ಯನಲ್ಲ. ಪರೀಕ್ಷೆ ಮಾಡದೆ ಏನನ್ನೂ ಒಪ್ಪಿಕೊಳ್ಳುವವನಲ್ಲ. ಮೊದಲ ಹೊಂಡದಿಂದ ಒಂದು ಗಿಡ ಕಿತ್ತ. ಬೇರನ್ನು ತೊಳೆದ. ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಸುತ್ತಿ, ಅಂಗೈ ನಡುವೆ ಇಟ್ಟು, ಲಡಿಯನ್ನು ತಿಕ್ಕುವಂತೆ ಬಲವಾಗಿ ತಿಕ್ಕಿದ. ಬಿಚ್ಚಿ ನೋಡಿದರೆ ಬಟ್ಟೆ ಬೆಳ್ಳಗಿತ್ತು. ಇನ್ನೊಂದು ಕಿತ್ತ, ಮತ್ತೊಂದು ಕಿತ್ತ. ಹತ್ತು ಗಿಡ ತಿಕ್ಕಿದ. ಒಂದೂ ಬಣ್ಣ ಬಿಡಲಿಲ್ಲ.

ಬಣ್ಣಗಾರನಿಗೆ ಎಲ್ಲವೂ ಅರ್ಥವಾದಂತೆ ತೋರಿತು. ಹಿಡಿದದ್ದನ್ನು ಬಿಡದಿರುವುದೇ ಬಣ್ಣ. ಈ ಗಿಡ ನೂಲಿಗಿಂತ ಒಳ್ಳೆಯ ನೂಲು. ಹಿಡಿದಿದೆ, ಇನ್ನು ಬಿಡುವುದಿಲ್ಲ. ಮೀನು ಮಾರುವ ಮುದುಕಿಗೆ ಕೆರೆ ಗೊತ್ತು, ಬಣ್ಣದ ವಿಷಯ ಅವಳಿಗೇನು ಗೊತ್ತು? ಅಂದಿನಿಂದ ಗಿಡ ಎತ್ತುವುದು ನಿಂತಿತು. ಇಲ್ಲಿ ಅವನನ್ನು ಸೋಮಾರಿ ಎನ್ನುವಂತಿಲ್ಲ, ಕಪಟಿ ಎನ್ನುವಂತೆಯೂ ಇಲ್ಲ. ತನಗೆ ಗೊತ್ತಿದ್ದ ಒಂದೇ ಪರೀಕ್ಷೆಯನ್ನು ಅವನು ಪ್ರಾಮಾಣಿಕವಾಗಿ ಮಾಡಿದ್ದ.

ಧೈರ್ಯ ಬಂದ ಮೇಲೆ ಕೆಲಸವೂ ಬೆಳೆಯಿತು. ಒಂದು ಬಾನಿ ಇದ್ದಲ್ಲಿ ಮೂರಾದವು. ಕೆಂಪಿನ ಜೊತೆಗೆ ನೀಲಿ ಬಂತು, ಕಪ್ಪು ಬಂತು. ಮೊದಲು ಹನಿ ಲೆಕ್ಕದಲ್ಲಿ ಪುಡಿ ಕಲಸುತ್ತಿದ್ದವನು ಈಗ ಕೈ ಸಡಿಲ ಬಿಟ್ಟ. ಮಿಕ್ಕರೆ ಹೊಂಡ ಇದೆಯಲ್ಲ. ಅಂತರಗಂಗೆ ಕೊಟ್ಟದ್ದನ್ನೆಲ್ಲ ಕುಡಿಯಿತು. ಬೇಡ ಎನ್ನುವ ಬಾಯಿ ಅದಕ್ಕಿರಲಿಲ್ಲ. ದಿನವೂ ಬೆಳಿಗ್ಗೆ ಬಣ್ಣಗಾರ ಮೂರನೆಯ ಹೊಂಡದ ಕೊನೆಗೆ ಹೋಗಿ, ಹೊರಗೆ ಬೀಳುವ ನೀರಿನಲ್ಲಿ ಬಿಳಿ ಬಟ್ಟೆ ಅದ್ದಿ ನೋಡುತ್ತಿದ್ದ. ಬೆಳ್ಳಗಿದ್ದರೆ ತೃಪ್ತಿಯಿಂದ ಒಳಗೆ ಬರುತ್ತಿದ್ದ. ನೀರನ್ನು ನೋಡುವುದರಲ್ಲಿ ಅವನು ಒಂದು ದಿನವೂ ತಪ್ಪಲಿಲ್ಲ. ಹಳ್ಳಕ್ಕೆ ಬೀಳುವುದು ನೀರೇ ಹೊರತು ಗಿಡವಲ್ಲವಲ್ಲ.

ಸುಗ್ಗಿಯ ಹೊತ್ತಿಗೆ ಮುದುಕಿ ಆ ಕಡೆ ಬಂದಳು. ಬಾಗಿಲಲ್ಲಿ ಬುಟ್ಟಿ ಇಟ್ಟು ನೇರವಾಗಿ ಹಿತ್ತಲಿಗೆ ಹೋದಳು. ಹೂ ಕಡಿಮೆಯಾಗಿತ್ತು. ಗಿಡಗಳು ಒಂದರ ಮೇಲೊಂದು ಹತ್ತಿ ಚಾಪೆಯ ಹಾಗೆ ದಪ್ಪವಾಗಿ ಬೆಳೆದಿದ್ದವು. ಅವಳು ಬಗ್ಗಿ ಒಂದು ಎಲೆಯನ್ನು ಹಿಸುಕಿದಳು. ಅದು ಬೆಂದ ಬದನೆಕಾಯಿಯ ಹಾಗೆ ಒಡೆಯಿತು.

"ಎತ್ತಿ ಎಷ್ಟ ದಿನ ಆತು?"

"ಎತ್ತೂದು ಬ್ಯಾಡ ಆಯಿ, ನಾ ತಿಕ್ಕಿ ನೋಡೇನಿ," ಎಂದ ಬಣ್ಣಗಾರ. ಅಂದಿನ ಬೆಳಗಿನ ಬಿಳಿ ಬಟ್ಟೆಯನ್ನು ತಂದು ತೋರಿಸಿದ. "ನೋಡು, ಹಾಲಿನಂಗ ಐತಿ. ಹಿಡಿದದ್ದನ್ನ ಇದು ಬಿಡೂದಿಲ್ಲ. ನನ್ನ ನೂಲ ಬಿಟ್ಟೈತೇನು ಇಷ್ಟ ವರ್ಷ?"

ಮುದುಕಿ ಬಟ್ಟೆಯನ್ನು ಮುಟ್ಟಲಿಲ್ಲ.

"ನಿನ್ನ ನೂಲು ಎಂದೋ ಸತ್ತದ್ದು ಸಾವಕಾರ. ಇದು ಇನ್ನ ಸಾಯೂದೈತಿ. ನೀರ ನೋಡೂದು ಬಿಟ್ಟು ಗಿಡಾ ನೋಡು."

ಬಣ್ಣಗಾರ ನಕ್ಕ. ವಯಸ್ಸಾದವರ ಮಾತಿಗೆ ಎದುರಾಡಬಾರದೆಂದು ಅವಳಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿದ. ಗಿಡ ಬಾಡಿದ್ದು ಚಳಿಗೆ, ಬಿಸಿಲು ಬಂದರೆ ಚಿಗುರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂಬತ್ತು ತಿಂಗಳ ಹೊಂಡ ಎಂಟು ದಿನದಲ್ಲಿ ಕುಸಿಯಿತು. ಮೊದಲು ಕೆಳಗಿನ ಬೇರು ಕೊಳೆಯಿತು, ಅದು ಮೇಲಿನಿಂದ ಕಾಣಲಿಲ್ಲ. ಆಮೇಲೆ ಗಿಡಗಳು ಒಂದೊಂದಾಗಿ ಮುಳುಗಿದವು. ನೀರಿನಿಂದ ಗುಳ್ಳೆ ಎದ್ದವು, ನಾತ ಬೀದಿಗೆ ಬಂತು. ಹೊರಗೆ ಬೀಳುವ ನೀರಿನಲ್ಲಿ ಬಟ್ಟೆ ಇನ್ನೂ ಬೆಳ್ಳಗೇ ಇದೆಯಲ್ಲ ಎಂದು ಬಣ್ಣಗಾರ ಅದನ್ನು ಲೆಕ್ಕಿಸಲಿಲ್ಲ. ಕೊಳೆತ ಗಿಡಕ್ಕೆ ಏನನ್ನೂ ಹಿಡಿದಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಮುಳುಗಿದ್ದು ಮುಳುಗಿದಲ್ಲೇ ತನ್ನೊಳಗಿದ್ದುದನ್ನೆಲ್ಲ ಬಿಟ್ಟಿತು. ತಿಂಗಳುಗಟ್ಟಲೆ ಕುಡಿದ ಕೆಂಪು, ನೀಲಿ, ಕಪ್ಪು ಒಂದೇ ಸಲ ಹೊರಗೆ ಬಂತು. ಮೂರನೆಯ ಹೊಂಡದ ಜೊಂಡು ಅಷ್ಟನ್ನು ತಡೆಯಲಾರದೆ ಅಡ್ಡ ಬಿತ್ತು.

ಅಂದು ಅಮಾವಾಸ್ಯೆ. ಬಣ್ಣಗಾರ ಕುಲದೇವರಿಗೆ ಕಾಯಿ ಒಡೆಸಲು ಹಿಂದಿನ ದಿನವೇ ಬೇರೆ ಊರಿಗೆ ಹೋಗಿದ್ದ. ಕೆಳಗಿನ ಊರಿನಲ್ಲಿ ಮರುದಿನ ನಾಲ್ಕು ಮದುವೆ ಇದ್ದವು. ಧೋತರ, ರುಮಾಲು, ಹಾಸುವ ಬಿಳಿ ಬಟ್ಟೆ, ಇಡೀ ಊರಿನ ಬಿಳುಪು ಮಡಿವಾಳನ ಕೈಯಲ್ಲಿತ್ತು. ಒಂಬತ್ತು ತಿಂಗಳಿಂದ ಹಳ್ಳ ಅವನಿಗೆ ಮೋಸ ಮಾಡಿರಲಿಲ್ಲ. ಮೊದಲಿನ ಹಾಗೆ ನೀರನ್ನು ಅಂಗೈಯಲ್ಲಿ ಹಿಡಿದು ನೋಡುವ ಅಭ್ಯಾಸ ಅವನಿಗೂ ತಪ್ಪಿಹೋಗಿತ್ತು. ನಸುಕಿನಲ್ಲೇ ಎಲ್ಲ ಬಟ್ಟೆಯನ್ನು ಹಳ್ಳದ ಮಡುವಿನಲ್ಲಿ ನೆನೆ ಹಾಕಿ, ಕಲ್ಲು ಹೇರಿ, ರೊಟ್ಟಿ ತಿನ್ನಲು ಮನೆಗೆ ಹೋದ.

ಮಧ್ಯಾಹ್ನ ಬಣ್ಣಗಾರ ಊರಿಗೆ ಮರಳುವ ಹೊತ್ತಿಗೆ ಅವನ ಬಾಗಿಲಲ್ಲಿ ಜನ ಕೂಡಿದ್ದರು. ಮಡಿವಾಳ ಬಟ್ಟೆಯ ಗಂಟನ್ನು ಹೊಸಿಲ ಮುಂದೆ ಬಿಚ್ಚಿಟ್ಟು ಪಕ್ಕದಲ್ಲಿ ಕೂತಿದ್ದ. ಅವನು ಬೈಯಲಿಲ್ಲ. ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಬಟ್ಟೆಯನ್ನೇ ನೋಡುತ್ತಿದ್ದ. ಬಣ್ಣಗಾರನಿಗೆ ಲೋಕದ ಎಲ್ಲ ಬಣ್ಣದ ಹೆಸರೂ ಗೊತ್ತಿತ್ತು. ಆ ಬಟ್ಟೆಗಳಿಗೆ ಹತ್ತಿದ ಬಣ್ಣಕ್ಕೆ ಅವನಲ್ಲಿ ಹೆಸರಿರಲಿಲ್ಲ.

"ಇವತ್ತ ನಾ ಹಳ್ಳಕ್ಕ ಒಂದ ತಂಬಿಗಿ ನೀರೂ ಬಿಟ್ಟಿಲ್ಲ," ಎಂದ ಬಣ್ಣಗಾರ. "ಅಮಾಸಿ. ಬಾನಿ ಖಾಲಿ ಅದಾವ. ಬೇಕಾದ್ರ ಒಳಗ ಬಂದು ನೋಡ್ರಿ."

ಹಿರಿಯರು ಒಳಗೆ ಹೋಗಿ ನೋಡಿದರು. ಬಾನಿಗಳು ನಿಜವಾಗಿಯೂ ಖಾಲಿ ಇದ್ದವು. ಅವರು ಹಿತ್ತಲಿಗೆ ಹೋಗಿ ಹೊಂಡಗಳನ್ನೂ ನೋಡಿದರು. ಮರಳಿ ಬಂದು ಬಾಗಿಲು ಎಳೆದು ಬೀಗ ಹಾಕಿದರು.

ಬಣ್ಣಗಾರ ಗಂಟನ್ನು ಹೊತ್ತುಕೊಂಡು ಊರ ಬಾವಿಯ ಹತ್ತಿರ ಕೂತ. ಮದುವೆಯವರು ಎರಡೂ ಊರಿನ ಮನೆಮನೆ ತಿರುಗಿ ಬೇರೆ ಬಟ್ಟೆ ಕಡ ತಂದರು, ಆದರೂ ಕೆಟ್ಟದ್ದನ್ನು ಸರಿ ಮಾಡಿಯೇ ಕೊಡುತ್ತೇನೆ ಎಂದು ಅವನು ಹಟ ಹಿಡಿದ. ಸೋಡ ಹಾಕಿ ಕುದಿಸಿದ. ನಿಂಬೆಹಣ್ಣು ತಿಕ್ಕಿದ. ಸುಣ್ಣದ ತಿಳಿಯಲ್ಲಿ ನೆನೆಸಿದ. ಎಂಟು ದಿನ ಒಗೆದ. ಒಂದು ಎಳೆಯೂ ಬಣ್ಣ ಬಿಡಲಿಲ್ಲ. ಜೀವಮಾನದಲ್ಲಿ ಅವನು ಹಾಕಿದ ಬಣ್ಣಗಳಲ್ಲೆಲ್ಲ ಅತ್ಯಂತ ಗಟ್ಟಿಯಾದದ್ದು ಅದೇ.

ಒಂಬತ್ತನೆಯ ದಿನ ಅವನು ಕೆರೆಯ ದಂಡೆಗೆ ಹೋದ. ಮುದುಕಿ ಬಲೆ ಹೊಲಿಯುತ್ತಾ ಕೂತಿದ್ದಳು. ಅವನು ಎದುರಿಗೆ ಕೂತ. ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆಚ್ಚಾಗಿ, ಆದದ್ದು ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ.

"ಆಯಿ, ನನ್ನ ಬಣ್ಣ ನಾ ಗಿಡಕ್ಕ ಕೊಟ್ಟು ಕೈ ತೊಳಕೊಂಡಿದ್ದೆ. ಅದು ಹೆಂಗ ತಿರುಗಿ ಬಂತು?"

ಮುದುಕಿ ಬಲೆಯ ಗಂಟು ಬಿಗಿದಳು.

"ನೀ ಅದಕ್ಕ ಕೊಟ್ಟಿ. ಅದು ಯಾರಿಗೆ ಕೊಡಬೇಕಾಗಿತ್ತಪಾ?"

ಅಜ್ಜ ಕತೆ ನಿಲ್ಲಿಸಿ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು.

ಶಿವಪುತ್ರನಿಗೆ ಬಣ್ಣಗಾರನ ಮೇಲೆ ಸಿಟ್ಟು ಬಂದಿತ್ತು. ಮಡಿವಾಳನನ್ನು ನೆನೆದು ಮರುಕವೂ ಆಗಿತ್ತು.

"ಬೀಗ ಹಾಕಿದ್ದ ಬರೋಬರಿ ಆತು ಅಜ್ಜಾರ," ಎಂದ. "ನೀರ ತಿಳಿ ಐತೇನಂತ ದಿನಾ ಎದ್ದು ನೋಡಿದ. ಕುಡಿಯೂ ಗಿಡ ಹೆಂಗೈತಿ ಅಂತ ಒಂದ ದಿನಾನೂ ತಿರುಗಿ ನೋಡಲಿಲ್ಲ. ಎಂಥಾ ಮನಷ್ಯಾ ಅಂತೇನಿ."

ಅಜ್ಜ ಹೌದೆಂಬಂತೆ ತಲೆಯಾಡಿಸಿ, ಬಂದವರನ್ನು ಕ್ಷೇಮ ಕೇಳುವ ಧ್ವನಿಯಲ್ಲಿ ಕೇಳಿದರು:

"ಮನಿಯಾಗ ನಿನ್ನ ಹೆಂಡ್ತಿ ಹೆಂಗದಾಳಪಾ?"